ಇಪ್ಪತ್ತು ನಿಮಿಷ ಇದ್ದು ಹೋದವರು

ಕುರ್ಚಿ ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಚಿಕ್ಕಪ್ಪಾ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಬಂದರಿನ ಗಾಳಿ ನಿಮಗೆ ಒಗ್ಗುತ್ತಿಲ್ಲ, ಕೆಮ್ಮು ಹಿಡಿದಿದೆ ಎಂದು ಲಾರಿಯಣ್ಣ ಯಾವಾಗಲೋ ಹೇಳಿದ್ದ. ಅದು ಹೋಯಿತೇ, ಇನ್ನೂ ಇದೆಯೇ? ದೋಣಿಗಳ ಸೀಟು ಹೊಲಿಯುವಾಗ ನೆಲದ ಮೇಲೆ ಕೂರುತ್ತೀರೋ, ಸ್ಟೂಲಿನ ಮೇಲೋ? ರಾತ್ರಿ ಅಡುಗೆ ಮಾಡಿಕೊಳ್ಳುತ್ತೀರೋ, ಇಲ್ಲ ಹಸಿವಿಲ್ಲ ಎಂದು ಟೀ ಕುಡಿದು ಮಲಗಿಬಿಡುತ್ತೀರೋ? ಪತ್ರ ಬರೆಯುವವರೆಲ್ಲ ಮೊದಲು ಆರೋಗ್ಯ ಕೇಳುತ್ತಾರೆ, ಇವಳೂ ಕೇಳಿದಳು ಎಂದುಕೊಂಡು ಈ ಸಾಲುಗಳನ್ನು ಹಾರಿಸಿ ಓದಬೇಡಿ. ಒಂದೊಂದಕ್ಕೂ ನನಗೆ ಉತ್ತರ ಬೇಕು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನಿಗೆ ಮೊಣಕಾಲು ಹಿಡಿದುಕೊಂಡಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಅಪ್ಪನ ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಬೆತ್ತದ ಎಳೆಯಿಂದಲೇ ಕಟ್ಟಿಕೊಂಡಿದ್ದಾರೆ. ಅಂಗಡಿಗೆ ಬಂದವರು ಕುರ್ಚಿ ಬಿಟ್ಟು ಅದನ್ನೇ ನೋಡುತ್ತಾರೆ.

ನಿಮ್ಮ ಹಳೆಯ ನಂಬರಿಗೆ ಫೋನ್ ಮಾಡಿದರೆ ಈಗ ಯಾರೋ ಮೀನಿನ ವ್ಯಾಪಾರಿ ಎತ್ತುತ್ತಾನೆ. ನಾನು ಮಾತಾಡದೆ ಇಟ್ಟುಬಿಟ್ಟೆ. ಎದುರಿಗಿದ್ದವರ ಹತ್ತಿರವೇ ನನಗೆ ಮಾತು ಹೊರಡುವುದಿಲ್ಲ, ಇನ್ನು ಮೀನಿನವನ ಹತ್ತಿರ ಏನು ಹೇಳಲಿ? ಗಿರಾಕಿ ಬಂದರೆ ಸಾಕು, ಕುರ್ಚಿಗಳ ಸಂದಿಯಲ್ಲಿ ನುಸುಳಿಕೊಳ್ಳುತ್ತಾಳೆ ಎಂದು ನೀವೇ ಅಲ್ಲವೇ ನನಗೆ ಇರುವೆ ಎಂದು ಹೆಸರಿಟ್ಟದ್ದು. ಬರೆಯುವುದಾದರೆ ಪರವಾಗಿಲ್ಲ, ಯಾರೂ ಮುಖ ನೋಡುವುದಿಲ್ಲ. ಐದನೇ ತರಗತಿಯವರೆಗೆ ಕಲಿತ ಅಕ್ಷರ ಇಷ್ಟಕ್ಕೆ ಸಾಕು. ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೇ ಹೋಗಬಹುದು. ನಿಮ್ಮ ಊರಿನಿಂದ ದಿನಾ ಬೆಳಿಗ್ಗೆ ನಮ್ಮ ಅಂಗಡಿಯ ವೆಬ್‌ಸೈಟ್ ತೆರೆದು ನೋಡುತ್ತಿದ್ದವರು ನೀವೇನಾ? ಇದು ನನಗೆ ಗೊತ್ತಾಗಬೇಕು. ಅಪ್ಪನಿಗೆ ನನಗಿಂತ ಹೆಚ್ಚು ಗೊತ್ತಾಗಬೇಕು, ಆದರೆ ಅವರು ಬಾಯಿಬಿಟ್ಟು ಕೇಳುವವರಲ್ಲ.

ಅದು ನೀವಲ್ಲದಿದ್ದರೆ ಈ ವೆಬ್‌ಸೈಟಿನ ಕಥೆ ನಿಮಗೆ ಏನೂ ಗೊತ್ತಿರುವುದಿಲ್ಲ. ನೀವೇ ಆಗಿದ್ದರೆ ಅರ್ಧ ಗೊತ್ತಿರುತ್ತದೆ. ಯಾವುದಕ್ಕೂ ಇರಲಿ, ಮೊದಲಿನಿಂದ ಹೇಳುತ್ತೇನೆ. ಪಕ್ಕದ ಫೋಟೋ ಸ್ಟುಡಿಯೋದ ಅಣ್ಣ ನಿಮಗೆ ನೆನಪಿರಬೇಕು, ನಗಿಸಿ ನಗಿಸಿ ಫೋಟೋ ತೆಗೆಯುವವನು. ಅವನ ಬೆತ್ತದ ಕುರ್ಚಿಯ ಸೀಟು ಹರಿದು, ಫೋಟೋಗೆ ಕೂತ ಒಬ್ಬ ದಪ್ಪನೆಯ ವಕೀಲರು ಕೆಳಗೆ ಇಳಿದುಹೋಗಿ ನಾಲ್ಕು ಜನ ಎಳೆಯಬೇಕಾಯಿತಂತೆ. ಕುರ್ಚಿ ಸರಿಮಾಡಿಕೊಟ್ಟರೆ ಅದರ ಬದಲಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ ಎಂದ. "ಕೂತು ನೋಡ್ದೆ ಯಾರಾದ್ರೂ ಕುರ್ಚಿ ಕೆಲ್ಸ ಕೊಡ್ತಾರೇನಯ್ಯಾ?" ಎಂದು ಅಪ್ಪ ಕೇಳಿದರು. "ನೀವು ಹೆಣೀರಿ ಯಜಮಾನ್ರೇ, ಜನಾನ ನಾನು ಕರೆಸ್ತೀನಿ" ಎಂದ. ಅಂಗಡಿಯ ಫೋಟೋ, ವಿಳಾಸ, ಯಾವ ಯಾವ ಹೆಣಿಗೆ ಮಾಡುತ್ತೇವೆ ಎನ್ನುವ ಪಟ್ಟಿ, ಮತ್ತು ನಾನು ಕುರ್ಚಿ ಹೆಣೆಯುವ ಒಂದು ವಿಡಿಯೋ ಹಾಕಿದ. ವಿಡಿಯೋದಲ್ಲಿ ಕೈ ಮಾತ್ರ ಕಾಣುತ್ತದೆ. ಮುಖ ತೋರಿಸುವುದಾದರೆ ಹೆಣೆಯುವುದಿಲ್ಲ ಎಂದು ಅಮ್ಮನ ಮೂಲಕ ಹೇಳಿಸಿದ್ದೆ. ಪಟ್ಟಿ ಬರೆದುಕೊಳ್ಳುವಾಗ ಸ್ಟುಡಿಯೋ ಅಣ್ಣ, "ಪ್ಲಾಸ್ಟಿಕ್ಕೂ ಹೆಣೀತೀರಾ?" ಎಂದು ಕೇಳಿಬಿಟ್ಟ. ಅಮ್ಮ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ನೀವು ಆ ಹೋಟೆಲಿನ ಕುರ್ಚಿಗೆ ಪ್ಲಾಸ್ಟಿಕ್ ಎಳೆ ಹಾಕಿದ್ದು, ಅಪ್ಪ ಗಿರಾಕಿಯ ಎದುರಿಗೇ ಅದನ್ನು ಚಾಕುವಿನಿಂದ ಕತ್ತರಿಸಿ ಎಸೆದದ್ದು, ನೀವು ಚೀಲ ತೆಗೆದುಕೊಂಡು ಹೋದದ್ದು, ಎಲ್ಲ ಅಲ್ಲೇ ಗೋಡೆಗೆ ಒರಗಿಕೊಂಡು ನಿಂತ ಹಾಗಿತ್ತು. ಅಪ್ಪ ಎಳೆ ಜಾರದಂತೆ ಸೀಟಿನ ತೂತಿಗೆ ಗೂಟ ಬಡಿಯುತ್ತಲೇ ಇದ್ದರು. ಆಮೇಲೆ ತಲೆ ಎತ್ತದೆ, "ಬರ್ಕೋ. ಹೆಣೆಯೋನು ಊರಲ್ಲಿಲ್ಲ, ಬಂದ ಮೇಲೆ ಅಂತಾನೂ ಬರ್ಕೋ" ಎಂದರು. ಸ್ಟುಡಿಯೋ ಅಣ್ಣ ಹಾಗೆಯೇ ಹಾಕಿದ್ದಾನೆ. ಈಗಲೂ ಇದೆ, ಪಟ್ಟಿಯ ಕೊನೆಯಲ್ಲಿ. ನೀವು ನೋಡಿರಬಹುದು.

ಈ ವೆಬ್‌ಸೈಟಿನ ಹಿಂದೆ ಇನ್ನೊಂದು ಪುಟ ಇದೆ. ಅದು ಗಿರಾಕಿಗಳಿಗೆ ಕಾಣುವುದಿಲ್ಲ, ನಮಗೆ ಮಾತ್ರ. ಎಷ್ಟು ಜನ ಬಂದರು, ಯಾವ ಊರಿನಿಂದ ಬಂದರು, ಏನು ನೋಡಿದರು, ಎಷ್ಟು ಹೊತ್ತು ಇದ್ದರು, ಎಲ್ಲ ಅದರಲ್ಲಿ ಬರೆದಿರುತ್ತದೆ. ಹೆಸರು ಮಾತ್ರ ಬರೆದಿರುವುದಿಲ್ಲ. ಮೊದಲ ವಾರ ಅದರಲ್ಲಿ ಒಂದು, ಎರಡು, ಸೊನ್ನೆ ಇಷ್ಟೇ ಇತ್ತು. ಒಂದು ಬೆಳಿಗ್ಗೆ ಸ್ಟುಡಿಯೋ ಅಣ್ಣ ಅಲ್ಲಿಂದಲೇ ಕೂಗಿಕೊಂಡು ಬಂದ, "ಯಜಮಾನ್ರೇ, ನಿನ್ನೆ ಒಂದೇ ದಿನ ನಲವತ್ತೊಂದು ಜನ ಬಂದಿದಾರೆ!" ಅಮ್ಮ ಹೊಸ್ತಿಲು ನೋಡಿದಳು. "ನಲವತ್ತೊಂದು ಜನ ಬಂದ್ರೆ ಕಾಲೊರಸು ಇಷ್ಟು ಕ್ಲೀನಾಗಿರ್ತಿತ್ತೇನೋ?" ಅಂಗಡಿಗಲ್ಲ, ವೆಬ್‌ಸೈಟಿಗೆ ಎಂದು ಅವನು ವಿವರಿಸಿದ. ಮೊದಲು ಅಲ್ಲಿಗೆ ಬರುತ್ತಾರೆ, ಇಷ್ಟವಾದರೆ ಆಮೇಲೆ ಇಲ್ಲಿಗೆ ಬರುತ್ತಾರೆ ಎಂದ. ಅಪ್ಪ ಕೈಲಿದ್ದ ಕೆಲಸ ಬಿಟ್ಟು ಎದ್ದರು. ಹಿತ್ತಲಿಗೆ ಹೋಗಿ ತೊಟ್ಟಿ ತುಂಬಿಸಿ ಅಟ್ಟದ ಮೇಲಿದ್ದ ಬೆತ್ತದ ಕಟ್ಟುಗಳನ್ನೆಲ್ಲ ನೆನೆಹಾಕಿಬಿಟ್ಟರು. ಎಲ್ಲವನ್ನೂ, ಚಿಕ್ಕಪ್ಪಾ. ನಲವತ್ತೊಂದು ಸೀಟಿಗೆ ಆಗುವಷ್ಟು. ಒಣ ಬೆತ್ತ ಬಾಗುವುದಿಲ್ಲ, ಗಿರಾಕಿ ಬಂದು ನಿಂತ ಮೇಲೆ ನೆನೆಹಾಕಿದರೆ ಅವನು ಬೇರೆ ಅಂಗಡಿಗೆ ಹೋಗುತ್ತಾನೆ ಎಂಬುದು ತಾತನ ಕಾಲದ ಮಾತಲ್ಲವೇ? ಆ ಮಾತು ಅಪ್ಪನ ಮೈಯಲ್ಲಿ ಸೇರಿಹೋಗಿದೆ.

ಆ ದಿನ ಬಂದದ್ದು ಒಬ್ಬರೇ, ಎದುರು ಮನೆಯ ಅಜ್ಜಿ, ಕತ್ತರಿ ಕೇಳಲು. ಮಾರನೇ ದಿನ ಬಂದದ್ದೂ ಅವರೇ, ಕತ್ತರಿ ವಾಪಸು ಕೊಡಲು. ಅಮ್ಮ ತಡೆಯಲಾರದೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಕೇಳಿದ್ದೆ, ನಮ್ಮನೇಲಿ ನಲವತ್ತೊಂದು ಕುಲಾವಿ" ಎಂದಳು. ನೆನೆದ ಬೆತ್ತ ಕಪ್ಪಾಗಲು ಶುರುವಾಗುವ ಮೊದಲು ಏನಾದರೂ ಮಾಡಬೇಕಲ್ಲ. ಮೂವರೂ ಕೂತು ಕೈಗೆ ಬಂದದ್ದನ್ನು ಹೆಣೆದೆವು. ತಟ್ಟೆ ಹೆಣೆದೆವು, ಬುಟ್ಟಿ ಹೆಣೆದೆವು, ನೀರಿನ ಬಾಟಲಿಗೆ ಅಂಗಿ ಹೆಣೆದೆವು. ಬೆಕ್ಕಿಗೊಂದು ಹಾಸಿಗೆಯಾಯಿತು. ಅದು ಅದರಲ್ಲಿ ಒಂದು ದಿನವೂ ಮಲಗಿಲ್ಲ, ಪಕ್ಕದಲ್ಲಿ ನೆಲದ ಮೇಲೆ ಮಲಗಿ ಅದನ್ನು ಕಾಯುತ್ತದೆ. ಸ್ಟುಡಿಯೋ ಅಣ್ಣ ಪೆಚ್ಚುಮುಖ ಹಾಕಿಕೊಂಡು ಬಂದು ಆ ನಲವತ್ತೊಂದು ಜನರನ್ನು ಬಿಡಿಸಿ ಹೇಳಿದ. ಅರ್ಧಕ್ಕಿಂತ ಹೆಚ್ಚು ಜನ ಮನುಷ್ಯರೇ ಅಲ್ಲವಂತೆ, ಪುಟದಿಂದ ಪುಟಕ್ಕೆ ಸುಮ್ಮನೆ ಓಡಾಡಿಕೊಂಡಿರುವ ಯಂತ್ರಗಳಂತೆ. "ಯಂತ್ರಕ್ಕೆ ಕುರ್ಚಿ ಯಾಕೋ, ಅದಕ್ಕೆ ಕೂರೋಕೆ ಬರುತ್ತಾ?" ಎಂದು ಅಮ್ಮ ಕೇಳಿದಳು. ಉಳಿದವರಲ್ಲಿ ಅವನೇ ಕೆಲವು ಸಲ. ಇನ್ನು ಮಿಕ್ಕವರು ಯಾರು ಎಂದು ನೋಡಿದರೆ ಅಮ್ಮ. ಅಂಗಡಿಯ ಫೋಟೋದಲ್ಲಿ ಅವಳ ಸೀರೆಯ ಅಂಚು ಬಂದಿದೆ, ಅದನ್ನು ತಂಗಿಗೂ ಅತ್ತಿಗೆಗೂ ತೋರಿಸಲು ದಿನವಿಡೀ ತೆರೆದಿದ್ದಳು.

ಅಂದಿನಿಂದ ಆ ಪುಟವನ್ನು ನಾನೇ ನೋಡಬೇಕೆಂದು ಅಪ್ಪ ಹೇಳಿದರು. ನೋಡುತ್ತೇನೆ, ಆದರೆ ತಲೆಬುಡ ತಿಳಿಯುವುದಿಲ್ಲ. ಒಂದು ದಿನ ಶೇಕಡಾ ನೂರು ಹೆಚ್ಚಾಗಿದೆ ಎಂದು ಹಸಿರು ಬಣ್ಣದಲ್ಲಿ ಬಂದಿತ್ತು, ನನಗೆ ಖುಷಿಯೋ ಖುಷಿ. ಹಿಂದಿನ ದಿನ ಒಬ್ಬರು, ಅವತ್ತು ಇಬ್ಬರು, ಅಷ್ಟೇ. ಮಾರನೇ ದಿನ ಮತ್ತೆ ಒಬ್ಬರಾದಾಗ ಶೇಕಡಾ ಐವತ್ತು ಕಡಿಮೆ ಎಂದು ಕೆಂಪಿನಲ್ಲಿ ಬಂತು. ನೂರು ಹತ್ತಿ ಐವತ್ತೇ ಇಳಿದರೆ ಮೇಲೆ ಐವತ್ತು ಉಳಿಯಬೇಕಲ್ಲ, ಹೇಗೆ ಹೊರಟಲ್ಲಿಗೇ ಬಂತು? ಶೇಕಡಾ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟದ್ದು, ನೀವು ಬಂದಾಗ ಹೇಳಿಕೊಡಿ. ಭೇಟಿಗಳು ಎಂದು ಒಂದು ಕಡೆ, ಭೇಟಿ ಕೊಟ್ಟವರು ಎಂದು ಇನ್ನೊಂದು ಕಡೆ ಬೇರೆ ಬೇರೆ ಸಂಖ್ಯೆ ಇರುತ್ತದೆ. ಕೇಳಿದರೆ, ಒಬ್ಬನೇ ಮೂರು ಸಲ ಬಂದರೆ ಭೇಟಿ ಮೂರು, ಬಂದವನು ಒಬ್ಬ ಎನ್ನುತ್ತಾನೆ ಸ್ಟುಡಿಯೋ ಅಣ್ಣ. ಅಲ್ಲಿಗೆ ಸರಿ. ಆದರೆ ಆ ಒಬ್ಬನೇ ಎರಡು ಫೋನಿನಿಂದ ಬಂದರೆ ಇಬ್ಬರಂತೆ! ಒಂದೇ ಫೋನಿನಿಂದ ಮನೆಮಂದಿಯೆಲ್ಲ ನೋಡಿದರೆ ಒಬ್ಬರಂತೆ! ಇನ್ನೊಂದು ಲೆಕ್ಕ ಇದೆ, ಬಂದವರು ಎಷ್ಟು ಹೊತ್ತು ಇದ್ದರು ಎಂಬುದು. ಹೆಚ್ಚಿನವರು ಹತ್ತು ಹನ್ನೊಂದು ಸೆಕೆಂಡು. "ಚಪ್ಪಲಿ ಬಿಚ್ಚೋಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಇವರೇನು ಬೆನ್ನಟ್ಟಿಸ್ಕೊಂಡು ಬಂದಿದ್ರಾ?" ಎನ್ನುತ್ತಾಳೆ ಅಮ್ಮ.

ಈ ಹನ್ನೊಂದು ಸೆಕೆಂಡಿನವರ ಮಧ್ಯೆ ಒಂದು ಸಾಲು ಕಾಣಿಸಿತು. ಊರು ಎಂಬಲ್ಲಿ ನಿಮ್ಮ ಬಂದರಿನ ಊರಿನ ಹೆಸರು. ನೋಡಿದ್ದು ವಿಡಿಯೋ ಇರುವ ಪುಟ. ಇದ್ದದ್ದು ಇಪ್ಪತ್ತು ನಿಮಿಷ. ಬಂದದ್ದು ಹೇಗೆ ಎಂಬಲ್ಲಿ ನೇರವಾಗಿ ಎಂದಿತ್ತು, ಹಾಗೆಂದರೆ ಎಲ್ಲೋ ಹುಡುಕುತ್ತಾ ಸಿಕ್ಕಿ ಬಂದವರಲ್ಲ, ವಿಳಾಸ ಗೊತ್ತಿದ್ದು ತಾವೇ ಬರೆದು ಬಂದವರು. ನಮ್ಮ ಕುರ್ಚಿಗಳಿಗೆ ಈಗ ವಿಳಾಸದ ಚೀಟಿ ಕಟ್ಟಿ ಕಳಿಸುತ್ತೇವೆ, ಯಾವುದಾದರೂ ಕುರ್ಚಿ ನಿಮ್ಮ ಕಡೆಗೆ ಬಂದು ಚೀಟಿ ನಿಮ್ಮ ಕಣ್ಣಿಗೆ ಬಿದ್ದಿರಬಹುದೇ? ಮಾರನೇ ಬೆಳಿಗ್ಗೆಯೂ ಅದೇ ಸಾಲು. ಅದರ ಮಾರನೇ ದಿನವೂ. ವಿಡಿಯೋ ಇರುವುದು ಬರೀ ಎರಡು ನಿಮಿಷದ್ದು, ಅದರಲ್ಲಿ ಇಪ್ಪತ್ತು ನಿಮಿಷ ನೋಡುವಂಥದ್ದು ಏನಿದೆ ಎಂದು ನಾನು ಮತ್ತೆ ಹಾಕಿ ನೋಡಿದೆ. ನನ್ನ ಕೈ, ಕುರ್ಚಿ, ಎಳೆ. ಕೊನೆಯ ಹತ್ತಿರ ಅಪ್ಪನ ದನಿ ಇದೆ. ಅವರು ಪಕ್ಕದಲ್ಲಿ ಬೇರೆ ಕುರ್ಚಿ ಹೆಣೆಯುತ್ತಿದ್ದರು, ಕ್ಯಾಮೆರಾ ಓಡುತ್ತಿರುವುದು ಮರೆತು ಅಭ್ಯಾಸಬಲದಿಂದ "ಬಿಟ್ಟೆ" ಎಂದರು. ಅದೇ, ಉದ್ದ ಬೆಂಚು ಹೆಣೆಯುವಾಗ ಮೇಲೆ ಕೂತ ಅಪ್ಪ ಎಳೆಯನ್ನು ತೂತಿನಿಂದ ಕೆಳಗೆ ಇಳಿಸಿ "ಬಿಟ್ಟೆ" ಎನ್ನುತ್ತಿದ್ದರಲ್ಲ, ಕೆಳಗೆ ಮಲಗಿದ ನೀವು ಎಳೆದುಕೊಂಡು "ಹಿಡ್ದೆ" ಎನ್ನುತ್ತಿದ್ದಿರಲ್ಲ. ವಿಡಿಯೋದಲ್ಲಿ "ಬಿಟ್ಟೆ" ಇದೆ, ಆಮೇಲೆ ಏನೂ ಇಲ್ಲ, ಬೀದಿಯಲ್ಲಿ ಒಂದು ಸೈಕಲ್ ಬೆಲ್. ಸ್ಟುಡಿಯೋ ಅಣ್ಣ ಅದನ್ನು ಕತ್ತರಿಸುತ್ತೇನೆ ಎಂದಿದ್ದ. ನಾನು "ಬೇಡ, ಇರಲಿ" ಎಂದೆ. ನಾನು ಮಾತಾಡಿದೆನೆಂದೇ ಅವನು ಗಾಬರಿಯಾಗಿ ಬಿಟ್ಟುಬಿಟ್ಟ.

ಆ ಸಾಲನ್ನು ಅಪ್ಪನಿಗೆ ತೋರಿಸಬಾರದಿತ್ತೋ ಏನೋ, ತೋರಿಸಿಬಿಟ್ಟೆ. ಕನ್ನಡಕ ಸರಿಮಾಡಿಕೊಂಡು ಊರಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಯಾರೋ ಗಿರಾಕಿ ಇರ್ಬೇಕು" ಎಂದರು. ಆದರೆ ಅಂದಿನಿಂದ ಬೆಳಿಗ್ಗೆ ಹಲ್ಲುಜ್ಜುವ ಮೊದಲು ನನ್ನ ಹತ್ತಿರ ಬಂದು ನಿಲ್ಲುವುದು, "ಎದ್ದಿದಾನಾ ಅವನು?" ಎಂದು ಕೇಳುವುದು. ಗಿರಾಕಿಗಳನ್ನು ಅಪ್ಪ ಯಾವತ್ತೂ ಏಕವಚನದಲ್ಲಿ ಕರೆದದ್ದಿಲ್ಲ. ಇದ್ದಾರೆ ಎಂದರೆ ಹೂಂ ಎಂದು ಹೋಗಿ ಕೆಲಸಕ್ಕೆ ಕೂರುತ್ತಾರೆ, ಅವತ್ತು ಯಾರನ್ನೂ ಬೈಯುವುದಿಲ್ಲ. ಸ್ಟುಡಿಯೋ ಅಣ್ಣನನ್ನು ಕೇಳಿದರೆ ಅವನು ನನ್ನ ತಲೆ ಇನ್ನೂ ಕೆಡಿಸಿದ. ಊರಿನ ಹೆಸರನ್ನು ಪೂರ್ತಿ ನಂಬಬಾರದಂತೆ, ಯಂತ್ರ ಅಂದಾಜಿನಲ್ಲಿ ಹೇಳುತ್ತದಂತೆ. ನಮ್ಮ ಅಮ್ಮ ಅಡುಗೆಮನೆಯಲ್ಲಿ ಕೂತು ನೋಡಿದ್ದನ್ನೇ ಅದು ನಾವ್ಯಾರೂ ಕಂಡಿರದ ಊರಿನಿಂದ ಎಂದು ತೋರಿಸುತ್ತಿತ್ತು. ಇನ್ನು ಇಪ್ಪತ್ತು ನಿಮಿಷ ಎಂದರೆ ಪುಟ ತೆರೆದಿಟ್ಟು ಸ್ನಾನಕ್ಕೆ ಹೋದರೂ ಇಪ್ಪತ್ತು ನಿಮಿಷವೇ ಆಗಬಹುದಂತೆ. ಹಾಗಾದರೆ ಈ ಲೆಕ್ಕ ಯಾಕೆ ಇಡುತ್ತಾರೆ, ಚಿಕ್ಕಪ್ಪಾ? ಬಂದವರು ಬಂದಿಲ್ಲ, ಇದ್ದವರು ಇಲ್ಲ, ಒಬ್ಬರು ಇಬ್ಬರು, ಇಬ್ಬರು ಯಂತ್ರ. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. "ಅವನಿಗೇನು ಗೊತ್ತು ಕುರ್ಚಿ ವಿಷಯ" ಎಂದು ಗೂಟ ಬಡಿಯಲು ಹೋದರು.

ಹೋದ ವಾರದ ಹಿಂದಿನ ವಾರ ನಿಜವಾದ ಗಿರಾಕಿ ಬಂದರು. ವಾಚನಾಲಯ ನೋಡಿಕೊಳ್ಳುವ ಹಿರಿಯ ಹೆಂಗಸು, ಬಿಳಿ ಕೂದಲು, ಮೆಲ್ಲನೆ ಮಾತು. ನನ್ನ ಹಾಗೆ ಅವರೂ ಕುರ್ಚಿಯ ತುದಿಯಲ್ಲಿ ಕೂತರು. ವೆಬ್‌ಸೈಟ್ ನೋಡಿ ಬಂದೆ ಎಂದರು. ಅಮ್ಮ ಮೊಣಕಾಲು ಮರೆತು ಓಡಿಬಂದು, "ಎಷ್ಟು ಹೊತ್ತು ನೋಡಿದ್ರಿ?" ಎಂದು ಕೇಳಿದಳು. "ವಿಳಾಸ ನೋಡೋಕೆ ಎಷ್ಟು ಹೊತ್ತು ಬೇಕಮ್ಮಾ? ನೋಡ್ದೆ, ಬಂದೆ" ಎಂದರು. ನೋಡಿ, ಹನ್ನೊಂದು ಸೆಕೆಂಡಿನವರು ಬಂದರು, ಇಪ್ಪತ್ತು ನಿಮಿಷದವರು ಬರಲಿಲ್ಲ! ಅವರ ಓದುವ ಕೋಣೆಯಲ್ಲಿ ಹಳೆಯ ಬೆತ್ತದ ಬೆಂಚು ಇದೆ, ನಾಲ್ಕು ಜನ ಆರಾಮಾಗಿ ಕೂರುವಂಥದ್ದು. ಈಗ ನಡುವೆ ಬಾವಿಯಾಗಿದೆ. ಅಪ್ಪ ಬೇಡ ಎನ್ನುತ್ತಾರೆ ಎಂದುಕೊಂಡೆ. ನೀವು ಹೋದ ಮೇಲೆ ಉದ್ದ ಬೆಂಚಿನ ಕೆಲಸ ಹಿಡಿದೇ ಇಲ್ಲವಲ್ಲ. "ತಂದು ಹಾಕ್ಸಿ" ಎಂದುಬಿಟ್ಟರು. ಬೆಂಚು ಈಗ ಮುಂದಿನ ಕೋಣೆಯನ್ನೆಲ್ಲ ತುಂಬಿಕೊಂಡು ನಿಂತಿದೆ, ಹಳೆಯ ಬೆತ್ತ ಬಿಚ್ಚಿ ಬರೀ ಚೌಕಟ್ಟು. ಅಮ್ಮ ಅದರ ಮಧ್ಯದಿಂದಲೇ ದಾಟಿ ಓಡಾಡುತ್ತಾಳೆ. ಬುಟ್ಟಿ ತಟ್ಟೆಗಳಾಗಿ ಉಳಿದಿದ್ದ ಒಂದು ಹಿಡಿ ಎಳೆಯನ್ನು ಮತ್ತೆ ನೀರಿನಲ್ಲಿ ನೆನೆಸಿ, ನಾನು ಕೆಳಗೆ ಮಲಗಿ ನೋಡಿದೆ. ಅಪ್ಪ ಮೇಲಿನಿಂದ "ಬಿಟ್ಟೆ" ಎಂದರು, ನಾನು ಎಳೆದೆ, ಆದರೆ "ಹಿಡ್ದೆ" ಎನ್ನಲು ಬಾಯಿ ಬರಲಿಲ್ಲ. ಎಳೆದದ್ದೂ ಬಿಗಿ ಬರಲಿಲ್ಲ, ಮಧ್ಯದಲ್ಲಿ ಜೋಲು ಬಿತ್ತು. ಅಪ್ಪ ಎಲ್ಲವನ್ನೂ ಬಿಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಈ ಪತ್ರ ಯಾಕೆ ಎಂದು ಹೇಳುತ್ತೇನೆ. ಬೆಂಚು ಬಂದ ಮಾರನೇ ದಿನದಿಂದ ನಿಮ್ಮ ಊರಿನ ಸಾಲು ಕಾಣುತ್ತಿಲ್ಲ. ಮೊದಲ ದಿನ ಅಪ್ಪ, "ತಡವಾಗಿ ಎದ್ದಿರ್ಬೇಕು" ಎಂದರು. ಎರಡನೇ ದಿನ ಯಂತ್ರ ಕೆಟ್ಟಿದೆ ಎಂದು ಸ್ಟುಡಿಯೋ ಅಣ್ಣನನ್ನು ಕರೆಸಿದರು. ಕೆಟ್ಟಿಲ್ಲ, ಬೇರೆಯವರೆಲ್ಲ ಬರುತ್ತಲೇ ಇದ್ದಾರೆ, ಯಂತ್ರಗಳೂ ಬರುತ್ತಿವೆ. ಫೋನ್ ಬದಲಾಯಿಸಿರಬಹುದು, ಆಗ ಅದೇ ಮನುಷ್ಯ ಹೊಸಬನಾಗಿ ಕಾಣುತ್ತಾನೆ ಎಂದು ಅವನು ಸಮಾಧಾನ ಹೇಳಿದ. ನಾನು ಹೊಸಬರನ್ನೆಲ್ಲ ಹುಡುಕಿದೆ, ಇಪ್ಪತ್ತು ನಿಮಿಷ ಇದ್ದವರು ಯಾರೂ ಇಲ್ಲ. ಅಪ್ಪ ಈಗ ಬೆಳಿಗ್ಗೆ ಬಂದು ನಿಲ್ಲುತ್ತಾರೆ, ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ನಿನ್ನೆ ಹಲ್ಲುಜ್ಜುತ್ತಾ ಗೋಡೆಗೆ ಹೇಳುವವರ ಹಾಗೆ, "ಹುಷಾರಿಲ್ವೇನೋ" ಎಂದರು. ಅಷ್ಟು ಸಾಕಾಯಿತು. ಲಾರಿಯಣ್ಣನಿಗೆ ಈ ಸಲ ನಿಮ್ಮ ಊರಿನ ಬಾಡಿಗೆ ಸಿಕ್ಕಿದೆ ಎಂದು ಅಮ್ಮ ಹೇಳಿದ ಕೂಡಲೇ ಕಾಗದ ತೆಗೆದುಕೊಂಡು ಕೂತೆ. ಅವನಿಗೆ ನಿಮ್ಮ ಷೆಡ್ಡು ಗೊತ್ತು, ಕೈಗೇ ಕೊಡುತ್ತಾನೆ.

ನೋಡುತ್ತಿದ್ದವರು ನೀವೇ ಆಗಿದ್ದರೆ, ಹುಷಾರಾಗಿದ್ದರೆ, ಹೂಂ ಎಂದು ಒಂದು ಮಾತು ಲಾರಿಯಣ್ಣನ ಕೈಲಿ ಹೇಳಿ ಕಳಿಸಿ. ಹುಷಾರಿಲ್ಲದಿದ್ದರೆ ಅದನ್ನೂ ಮುಚ್ಚಿಡಬೇಡಿ. ನೋಡುತ್ತಿದ್ದವರು ನೀವಲ್ಲವೇ ಅಲ್ಲದಿದ್ದರೆ ಏನು ಹೇಳಿ ಕಳಿಸಬೇಕು ಎಂದು ನನಗೂ ತಿಳಿಯುತ್ತಿಲ್ಲ. ಅಪ್ಪನಿಗೆ ಅದನ್ನು ಹೇಗೆ ಹೇಳುವುದು ಎಂಬುದೂ ತಿಳಿಯುತ್ತಿಲ್ಲ. ಅಮ್ಮ ನಿಮ್ಮನ್ನು ಕೇಳಿದ್ದಾಳೆ, ಬರೀ ಟೀ ಕುಡಿದು ಮಲಗಬೇಡ ಎನ್ನು ಎಂದಿದ್ದಾಳೆ. ಬೆಕ್ಕು ಚೆನ್ನಾಗಿದೆ. ನಿಮ್ಮ ಕಾಲಿಗೆ ನಮಸ್ಕಾರ, ನಿಮ್ಮ ಸೊಂಟಕ್ಕೆ ಬೇಗ ಗುಣವಾಗಲಿ.

ನಿಮ್ಮ
ಇರುವೆ

ಮರೆತ ಮಾತು: ಲಾರಿ ಬಂದು ಬೀದಿಯಲ್ಲಿ ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಿ. ಪತ್ರ ಮಡಿಸಿಕೊಂಡು ಹಿತ್ತಲಿಗೆ ಹೋದರೆ ಅಪ್ಪ ತೊಟ್ಟಿಯ ಹತ್ತಿರ ಕೂತಿದ್ದಾರೆ. ಹೊಸ ಬೆತ್ತ ಯಾವಾಗ ತರಿಸಿದರೋ ನಮಗೆ ಗೊತ್ತೇ ಇಲ್ಲ. ಬೆಂಚಿಗೆ ಬೇಕಾದಷ್ಟನ್ನೂ ನೆನೆಹಾಕಿಬಿಟ್ಟಿದ್ದಾರೆ. "ಅಪ್ಪಾ, ಕೆಳಗೆ ಹಿಡಿಯೋಕೆ ಯಾರಿದಾರೆ?" ಎಂದೆ. "ಬರೆದಾಯ್ತಾ? ಕೊಡು ಹೋಗು, ಲಾರಿ ಕಾಯ್ತಾ ಇದೆ. ವಾಪಸು ಬರೋವಾಗ ಅವನ ಪಕ್ಕದ ಸೀಟು ಖಾಲೀನಂತೆ" ಎಂದರು. ಚಿಕ್ಕಪ್ಪಾ, ಬೆತ್ತ ನೆನೆದಾಗಿದೆ. ಒದ್ದೆ ಬಟ್ಟೆ ಸುತ್ತಿ ಇಡುತ್ತೇನೆ, ಆದರೂ ನೆನೆದ ಬೆತ್ತ ಎಷ್ಟು ದಿನ ಕಾಯುತ್ತದೆ ಎಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು.